ಮಾವನ ಜೋಡುನಳಿಗೆ: ಒಂದು ಕೋವಿ ಮಾರಲು ಹಿಡಿದ 27 ತಿಂಗಳು

ಕಾರ್ಕಳ ತಾಲೂಕಿನ ಪೂರ್ವದ ಅಂಚಿನಲ್ಲಿ, ಘಟ್ಟದ ಬುಡಕ್ಕೆ ತಾಗಿಕೊಂಡ ಊರು ನನ್ನ ಸೋದರಮಾವನದು. ನಾವು ಮಕ್ಕಳಾಗಿದ್ದಾಗ ಆ ಮನೆಯ ಚಾವಡಿಯ ಗೋಡೆಯಲ್ಲಿ ಎರಡು ಹಲಸಿನ ಗೂಟಗಳ ಮೇಲೆ ಒಂದು ಜೋಡುನಳಿಗೆ ಕೋವಿ ಮಲಗಿರುತ್ತಿತ್ತು. ಆಮೇಲೆ ಅದು ಕಬ್ಬಿಣದ ಕಪಾಟಿನ ಒಳಗೆ ಹೋಯಿತು, ಗೂಟಗಳು ಮಾತ್ರ ಅಲ್ಲೇ ಉಳಿದವು. 2022ರ ಆಗಸ್ಟ್‌ನಲ್ಲಿ, ತುಳುವರ ಆಟಿ ತಿಂಗಳು ಮುಗಿಯುವ ಹೊತ್ತಿಗೆ, ಮಾವ ತೀರಿಕೊಂಡರು. ಅವರಿಗೆ 81 ವರ್ಷ. ಬೊಜ್ಜ (ಉತ್ತರಕ್ರಿಯೆ) ಮುಗಿದ ಮರುದಿನ ಅತ್ತೆ ನನ್ನನ್ನು ಒಳಗೆ ಕರೆದು ಕಪಾಟಿನ ಬೀಗದ ಕೈ ಕೊಟ್ಟರು. "ಇದರದ್ದೊಂದು ದಾರಿ ಮಾಡು ಮಗಾ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ" ಎಂದರು.

ಮಾವನ ಮಗ ಬೆಂಗಳೂರಿನಲ್ಲಿ, ಮಗಳು ಮಂಗಳೂರಿನ ಬಿಜೈಯಲ್ಲಿ. ಉಡುಪಿಯಲ್ಲಿರುವ ನನಗೆ ಮಣಿಪಾಲದ ರಜತಾದ್ರಿಯ ಡಿ.ಸಿ. ಆಫೀಸು ಹತ್ತಿರ. ಹಾಗಾಗಿ ಓಡಾಟ ನನ್ನ ಪಾಲಿಗೆ ಬಂತು. ಎರಡು ತಿಂಗಳ ಕೆಲಸ ಅಂದುಕೊಂಡಿದ್ದೆ. ಮುಗಿಯುವಾಗ 2024ರ ನವೆಂಬರ್ ಆಗಿತ್ತು. ನಡೆದದ್ದನ್ನು ಲೆಕ್ಕಸಮೇತ ಬರೆಯುತ್ತಿದ್ದೇನೆ. ಯಜಮಾನ ಹೋದ ಮೇಲೆ ಕೋವಿ ಉಳಿದಿರುವ ಮನೆಗಳು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇವೆ, ಆ ಮನೆಯವರಿಗೆ ಇದು ಬೇಕಾದೀತು. ಇಲ್ಲಿ ಕೊಟ್ಟಿರುವ ಬೆಲೆಗಳೆಲ್ಲ ಈ ಒಂದು ಮನೆಯ ಬಾಗಿಲಿಗೆ ಬಂದವು ಅಷ್ಟೆ. ನಿಮ್ಮ ಮನೆಯ ಕೋವಿಗೆ ಇವನ್ನೇ ಹಿಡಿದು ಕೂರಬೇಡಿ.

ಮೂರು ಕೋವಿಗಳ ಮನೆ

ಒಂದು ಕಾಲದಲ್ಲಿ ಆ ಮನೆಯಲ್ಲಿ ಮೂರು ಕೋವಿ ಇದ್ದವು. ಮೊದಲನೆಯದು ಅಜ್ಜನ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಚರೆ ಹಾಕಿ, ಗಜದಲ್ಲಿ ಜಡಿಯುವಂಥದ್ದು. ಎರಡನೆಯದು ಗೂಟದ ಮೇಲಿದ್ದ ಜೋಡುನಳಿಗೆ. ಇಂಗ್ಲೆಂಡಿನಲ್ಲಿ ಮಾಡಿದ 12 ಬೋರಿನ ತೋಟೆಕೋವಿ (ತೋಟೆ ಅಂದರೆ ಕಾರ್ಟ್ರಿಜ್), ಬರ್ಮಿಂಗ್‌ಹ್ಯಾಮ್‌ನ ಪರೀಕ್ಷೆಯ ಮುದ್ರೆ ಇದ್ದದ್ದು. 1976ರಲ್ಲಿ ಘಟ್ಟದ ಮೇಲಿನ ಕಾಫಿ ತೋಟದ ಧಣಿಯೊಬ್ಬರಿಂದ ಮಾವ ಅದನ್ನು 3,500 ರೂಪಾಯಿಗೆ ಕೊಂಡಿದ್ದರು. ಆ ವರ್ಷದ ಅಡಿಕೆಯ ದುಡ್ಡು ಪೂರಾ ಅದಕ್ಕೇ ಹೋಯಿತೆಂದು ಅತ್ತೆ ಈಗಲೂ ನೆನೆಯುತ್ತಾರೆ. ಮೂರನೆಯದು 1989ರಲ್ಲಿ ಬೆಳೆ ರಕ್ಷಣೆಗೆಂದು ತಂದ, ನಮ್ಮ ದೇಶದ್ದೇ ಆದ ಸಾದಾ ಒಂಟಿನಳಿಗೆ. ಅದಕ್ಕೆ ಗೋಡೆಯಲ್ಲಿ ಗೂಟ ಹೊಡೆಯಲೇ ಇಲ್ಲ. ಬಾಗಿಲ ಮೂಲೆಯಲ್ಲಿ ನಿಂತಿರುತ್ತಿತ್ತು.

ಲೈಸೆನ್ಸ್ ಪುಸ್ತಕವೇ ಒಂದು ಚರಿತ್ರೆ. ಮೊದಲ ಪುಟಗಳಲ್ಲಿ ಮಂಗಳೂರಿನ ಮೊಹರು, ಯಾಕೆಂದರೆ ಉಡುಪಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಉದ್ದೇಶ ಎಂಬ ಅಂಕಣದಲ್ಲಿ ಜೋಡುನಳಿಗೆಯ ಎದುರು "ಕ್ರೀಡೆ ಮತ್ತು ರಕ್ಷಣೆ" ಎಂಬ ಅರ್ಥದ ಇಂಗ್ಲಿಷ್ ಬರಹ. ಒಂಟಿನಳಿಗೆಯ ಎದುರು ಬರೀ ಬೆಳೆ ರಕ್ಷಣೆ. ಆ ಕ್ರೀಡೆ ಅಂದರೆ ಶಿಕಾರಿ. ಬರೆದ ಹೊತ್ತಿಗೇ ಅದರ ಕಾಲ ಮುಗಿಯುತ್ತಾ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಯಾಗಿ ಕಟ್ಟಿಹಾಕಿತ್ತು. 1991ರ ತಿದ್ದುಪಡಿ ಶಿಕಾರಿಯ ಪರವಾನಗಿ ಎಂಬುದನ್ನೇ ಎತ್ತಿಹಾಕಿತು.

ಮಾವ ಬೋಂಟೆಗೆ, ಅಂದರೆ ಬೇಟೆಗೆ, ಹೋಗಿದ್ದರು, ಅದನ್ನು ಮುಚ್ಚಿಡುವುದಿಲ್ಲ. ಫೆಬ್ರವರಿಯ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ನಮ್ಮಲ್ಲಿ ಗದ್ದೆ ಉಳುವುದಿಲ್ಲ, ಹಾರೆ ಹಿಡಿಯುವುದಿಲ್ಲ. ಗಂಡಸರು ನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುತ್ತಿದ್ದದ್ದು ಆ ದಿನಗಳಲ್ಲೇ. ಸೊಪ್ಪು ಬಡಿದು ಎಬ್ಬಿಸುವವರು ಒಂದು ಕಡೆ, ಕಂಡಿಯಲ್ಲಿ (ಪ್ರಾಣಿ ಹಾದುಹೋಗುವ ದಾರಿಯಲ್ಲಿ) ಕೋವಿ ಹಿಡಿದು ಕೂರುವವರು ಇನ್ನೊಂದು ಕಡೆ. ಯಾರ ಈಡು ಮೊದಲು ತಾಗಿತೋ ಅವರಿಗೆ ಇಂಥ ಪಾಲು, ನಾಯಿಯವರಿಗೆ ಇಂಥ ಪಾಲು, ಬರಲಾಗದ ಮುದುಕರ ಮನೆಗೂ ಒಂದು ಪಾಲು. 1980ರ ದಶಕದಲ್ಲಿ ಮಾವ ಪೂರ್ತಿ ನಿಲ್ಲಿಸಿದರು. ಕಾನೂನಿನ ಭಯ ಒಂದು ಕಾರಣ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದಮೇಲೆ ಕಾಡಿನ ಕಾವಲೂ ಬಿಗಿಯಾಯಿತು. ಇನ್ನೊಂದನ್ನು ಅವರೇ ಹೇಳುತ್ತಿದ್ದರು: ಜೊತೆಗಾರರು ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಹೋದರು, ನಾಯಿ ಪಳಗಿಸುವವರು ಸತ್ತರು, ಕಂಡಿ ಯಾವುದು ಎಂದು ತಿಳಿದವರು ಇಬ್ಬರೇ ಉಳಿದರು. ಬೋಂಟೆ ಹತ್ತು ಹದಿನೈದು ಜನರ ಕೆಲಸ, ಒಬ್ಬನಿಂದ ಆಗುವಂಥದ್ದಲ್ಲ.

ಆಮೇಲಿನ 30 ವರ್ಷ ಜೋಡುನಳಿಗೆಗೆ ಆಯುಧಪೂಜೆಯ ದಿನ ಕುಂಕುಮ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ, ಇಷ್ಟೇ. ಒಂಟಿನಳಿಗೆಯಲ್ಲಿ ಹಂದಿ ಓಡಿಸಲು ಗಾಳಿಗೆ ಈಡು ಹೊಡೆಯುವುದಿತ್ತು. 2003ರ ನವೆಂಬರ್‌ನಲ್ಲಿ ಈದುವಿನಲ್ಲಿ ಪೊಲೀಸರಿಗೂ ನಕ್ಸಲರಿಗೂ ಗುಂಡಿನ ಚಕಮಕಿ ಆದಾಗ, ಒಂಟಿಮನೆಯಲ್ಲಿ ಕೋವಿ ಇಟ್ಟುಕೊಳ್ಳುವುದು ಬೇಡವೆಂದು ಮಾವ ತಾವಾಗಿಯೇ ಕೆಲವು ತಿಂಗಳು ಎಲ್ಲವನ್ನೂ ಮಂಗಳೂರಿನ ಕೋವಿ ಅಂಗಡಿಯಲ್ಲಿ ಬಿಟ್ಟಿದ್ದರು.

ಬೆಲೆ ಇಳಿದ ಬಗೆ

ಜೋಡುನಳಿಗೆಯನ್ನು ಮೊದಲು ಕೇಳಿಕೊಂಡು ಬಂದದ್ದು 2008ರಲ್ಲಿ. ಮಡಿಕೇರಿ ಕಡೆಯ ಒಬ್ಬರು ಕಾರು ಮಾಡಿಕೊಂಡು ಬಂದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, 1,20,000 ರೂಪಾಯಿ ಹೇಳಿದರು. ಮಾವ ಊಟ ಹಾಕಿ ಕಳುಹಿಸಿದರು, ಕೋವಿ ಕೊಡಲಿಲ್ಲ. 2018ರಲ್ಲಿ ಅಂಗಡಿಯವರೇ 80,000 ಕೊಡಿಸುತ್ತೇನೆ ಎಂದಿದ್ದರು. ಮಾವ ತೀರಿಹೋದ ಮೇಲೆ, 2022ರ ಕೊನೆಗೆ ನಾನು ಕೇಳಿದಾಗ 35,000. 2024ರ ಬೇಸಗೆಯಲ್ಲಿ 24,000. ಕೊನೆಗೆ ಹೋದದ್ದು 18,000ಕ್ಕೆ.

ಕೋವಿ ಅದೇ. ನಳಿಗೆಯಲ್ಲಿ ಉಪ್ಪುಗಾಳಿಯ ತುಕ್ಕಿನ ಗುಳಿ ಒಂದೆರಡು ಕಡೆ ಇತ್ತು ನಿಜ, ಆದರೆ ಅದು 2008ರಲ್ಲೂ ಇತ್ತು. ಹಾಗಾದರೆ ಇಳಿದದ್ದು ಯಾಕೆ? ಕೋವಿ ಅಂಗಡಿಯ ಹಿರಿಯರು ಒಂದು ಮಾತಿನಲ್ಲಿ ಹೇಳಿದರು: "ಕೋವಿ ಉಂಟು, ಕೊಳ್ಳುವ ಪುಸ್ತಕ ಇಲ್ಲ." ಅವರು ಹೇಳಿದ ಪುಸ್ತಕ ಅಂದರೆ ಲೈಸೆನ್ಸ್. ನಾನು ಇದನ್ನು ಅರ್ಥ ಮಾಡಿಕೊಳ್ಳಲು ಒಂದು ವರ್ಷ ಬೇಕಾಯಿತು.

ಹಳೆಯ ಕಾರು ಮಾರುವಾಗ ದುಡ್ಡಿದ್ದವರೆಲ್ಲ ಗಿರಾಕಿಗಳೇ. ಕೋವಿಗೆ ಹಾಗಲ್ಲ. ಲೈಸೆನ್ಸ್ ಇರಬೇಕು, ಆ ಲೈಸೆನ್ಸಿನಲ್ಲಿ ಇನ್ನೊಂದು ಕೋವಿಗೆ ಜಾಗ ಇರಬೇಕು, ಅದೇ ಬಗೆಯ ಕೋವಿಗೆ ಅನುಮತಿ ಇರಬೇಕು. ಇಂಥವರ ಸಂಖ್ಯೆಯೇ ಸಣ್ಣದು. ಅದನ್ನು ಇನ್ನೂ ಸಣ್ಣದು ಮಾಡಿದ್ದು ಆಯುಧ ಕಾಯಿದೆಗೆ ಬಂದ 2019ರ ಡಿಸೆಂಬರಿನ ತಿದ್ದುಪಡಿ. ಅಲ್ಲಿಯವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಅದು ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಅಂಗಡಿಗೋ ಒಪ್ಪಿಸಬೇಕಾಯಿತು. ನಮ್ಮ ಅಜ್ಜನ ಕೇಪಿನ ಕೋವಿ ಹೋದದ್ದು ಹಾಗೆ, ಒಂದು ರೂಪಾಯಿಯೂ ಬರದೆ. ಈಗ ಲೆಕ್ಕ ಹಾಕಿ: ಮೂರು ಇದ್ದವರೆಲ್ಲ ಒಂದನ್ನು ಹೊರಗೆ ಹಾಕುತ್ತಿದ್ದಾರೆ, ಎರಡು ಇದ್ದವರಿಗೆ ಮೂರನೆಯದನ್ನು ಕೊಳ್ಳುವ ದಾರಿ ಮುಚ್ಚಿದೆ. ಕೋವಿಯ ಮೇಲೆ ಪ್ರೀತಿಯಿದ್ದು, ಒಳ್ಳೆಯದು ಕಂಡರೆ ಬೆಲೆ ಹೆಚ್ಚು ಕೊಟ್ಟು ಕೊಳ್ಳುತ್ತಿದ್ದವರು ಇದೇ ಎರಡು-ಮೂರು ಇದ್ದ ಜನ. ಮಡಿಕೇರಿಯಿಂದ ಕಾರು ಮಾಡಿಕೊಂಡು ಬಂದವರಂಥವರು. ಮಾರಾಟಕ್ಕೆ ಬಂದ ಸರಕು ಹೆಚ್ಚಿತು, ಆಸೆಯ ಗಿರಾಕಿ ಕಾಣೆಯಾದ. ಬೆಲೆಗೆ ಬಿದ್ದ ದೊಡ್ಡ ಪೆಟ್ಟು ಇದೇ ಎಂದು ನನ್ನ ಅಭಿಪ್ರಾಯ.

ಹೊಸ ಗಿರಾಕಿ ಹುಟ್ಟುವುದೂ ಕಷ್ಟವಾಗಿದೆ. 2016ರ ಆಯುಧ ನಿಯಮಗಳು ಬಂದ ಮೇಲೆ ಹೊಸದಾಗಿ ಅರ್ಜಿ ಹಾಕುವವರು ಕೋವಿಯನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ ತರಬೇಕು, ವೈದ್ಯರ ಪತ್ರ ತರಬೇಕು. ಇದು ಸರಿಯಾದ ಕ್ರಮವೇ, ನನಗೆ ತಕರಾರಿಲ್ಲ. ಆದರೆ ನಮ್ಮ ಸೀಮೆಗೆ ಇನ್ನೊಂದು ಗಂಟು ಇದೆ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಕೋವಿ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು, ವನ್ಯಜೀವಿ ಕಾಯಿದೆಯ 34ನೇ ಕಲಮು ಹಾಗೆ ಹೇಳುತ್ತದೆ. ಸೋಮೇಶ್ವರ, ಮೂಕಾಂಬಿಕಾ, ಕುದುರೆಮುಖ ಈ ಮೂರರ ಸುತ್ತ 10 ಕಿಲೋಮೀಟರ್ ಗೆರೆ ಎಳೆದು ನೋಡಿ. ಹೆಬ್ರಿ, ಕೊಲ್ಲೂರು, ಕಾರ್ಕಳದ ಮೂಡು ಭಾಗ ಅದರೊಳಗೆ ಬರುತ್ತವೆ. ಹಂದಿ, ಕಾಟಿ, ಮಂಗಗಳ ಕಾಟಕ್ಕೆ ಕೃಷಿಕರು ಕಂಗಾಲಾಗಿರುವುದೂ ಇಲ್ಲೇ. ಕೋವಿ ಬೇಕೆನ್ನುವವರು ಇರುವ ಕಡೆ ಲೈಸೆನ್ಸ್ ಸಿಗುವುದು ದುಸ್ತರ, ಸುಲಭವಾಗಿ ಸಿಗಬಹುದಾದ ಕಡೆ ಯಾರಿಗೂ ಬೇಡ.

ಕೋವಿ ಇದ್ದರೆ ಹಂದಿ ಹೊಡೆಯಬಹುದು ಎಂಬ ತಪ್ಪು ತಿಳಿವಳಿಕೆಯೂ ಇದೆ. ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ಕಾಡುಹಂದಿ ಈಗ ವನ್ಯಜೀವಿ ಕಾಯಿದೆಯ ಎರಡನೇ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಗೆ ಮೊದಲು ಮೂರನೆಯದರಲ್ಲಿತ್ತು. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಲಿಖಿತವಾಗಿ ಬೇಕು. ಗಡಿಯಾಚೆ ಕಾಸರಗೋಡಿನಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರಿಗೇ ಈ ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ ಕೊಟ್ಟಿದೆ. ತಲಪಾಡಿಯ ಈಚೆಗೆ ಆ ಏರ್ಪಾಡು ಇಲ್ಲ. ಹಾಗಾಗಿ ನಮ್ಮ ಹುಡುಗರು ಲೆಕ್ಕ ಮಾಡುತ್ತಾರೆ: ಕೋವಿಗೆ ದುಡ್ಡು, ತೋಟೆಗೆ ದುಡ್ಡು, ನವೀಕರಣಕ್ಕೆ ಓಡಾಟ, ಕೊನೆಗೆ ಹೊಡೆಯುವ ಹಾಗೂ ಇಲ್ಲ. ಅದರ ಬದಲು ಗರ್ನಾಲು ಸಿಡಿಸಿದರಾಯಿತು, ಇಲ್ಲವೇ ಐಬೆಕ್ಸ್ ಬೇಲಿ (ಕರೆಂಟಿನ ಬೇಲಿ) ಹಾಕಿಸಿದರಾಯಿತು. ಮಾವನ ಮಗ 2021ರಲ್ಲಿ ಮೂರು ಎಕ್ರೆಗೆ ಸೋಲಾರ್ ಬೇಲಿ ಹಾಕಿಸಿದ. 85,000 ರೂಪಾಯಿ ಖರ್ಚಾಯಿತು. ಸುತ್ತಲಿನ ಗದ್ದೆಗಳೆಲ್ಲ ಹಡಿಲು ಬಿದ್ದು ಪೊದೆ ಬೆಳೆದು ಹಂದಿಗಳಿಗೆ ಹಟ್ಟಿ ಕಟ್ಟಿಕೊಟ್ಟ ಹಾಗಾಗಿದೆ, ಬೇಲಿ ಇಲ್ಲದೆ ಉಪಾಯವಿಲ್ಲ.

ಚುನಾವಣೆಯ ವಿಷಯವನ್ನೂ ಹೇಳಬೇಕು. ನೀತಿ ಸಂಹಿತೆ ಬಂದ ಕೂಡಲೇ ಕೋವಿ ಠೇವಣಿ ಇಡಿ ಎಂಬ ಆದೇಶ ಬರುತ್ತದೆ. ಜಿಲ್ಲೆಯ ಪರಿಶೀಲನಾ ಸಮಿತಿ ಅಗತ್ಯ ನೋಡಿ ವಿನಾಯಿತಿ ಕೊಡಬಹುದು, ಆದರೆ ಅದಕ್ಕೂ ಅರ್ಜಿ, ಓಡಾಟ. ಏಪ್ರಿಲ್-ಮೇ ತಿಂಗಳಲ್ಲಿ ಕೋವಿ ಠಾಣೆಯಲ್ಲಿ, ಹಂದಿ ತೋಟದಲ್ಲಿ. ಮಾವನಿಗೆ 75 ದಾಟಿದ ಮೇಲೆ ಪ್ರತಿ ಸಲ ಜೀಪು ಮಾಡಿಕೊಂಡು ಹೋಗಿ ಇಟ್ಟು ತರುವುದೇ ದೊಡ್ಡ ಕಷ್ಟವಾಗಿತ್ತು. ಅವರ ಸಂಗಾತಿಗಳಲ್ಲಿ ಇಬ್ಬರು ಇದೇ ಬೇಸರಕ್ಕೆ ನವೀಕರಣ ಮಾಡಿಸದೆ ಕೋವಿ ಒಪ್ಪಿಸಿಬಿಟ್ಟರು.

ಇನ್ನು ಜೋಡುನಳಿಗೆಗೆ ಅದರದ್ದೇ ಆದ ಒಂದು ದೋಷ. 1980ರ ದಶಕದ ನಡುವೆ ಸಾಮಾನ್ಯರು ವಿದೇಶಿ ಕೋವಿ ತರಿಸಿಕೊಳ್ಳುವುದು ನಿಂತಿತು. ಆಗ ದೇಶದೊಳಗೆ ಉಳಿದ ಇಂಗ್ಲಿಷ್ ಕೋವಿಗಳಿಗೆ ಚಿನ್ನದ ಬೆಲೆ ಬಂತು. ಆ ಬೆಲೆಯ ನೆನಪಿನಲ್ಲೇ ನಾವು ಕೂತಿದ್ದೆವು. ಆದರೆ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತುಂಬ ಕಡೆ ತೋಟೆಯ ಮನೆ (ನಳಿಗೆಯಲ್ಲಿ ತೋಟೆ ಕೂರುವ ಜಾಗ) 65 ಮಿಲಿಮೀಟರಿನದು, ಈಗ ಸಿಗುವ ತೋಟೆ 70 ಮಿಲಿಮೀಟರಿನದು. ಒಳಗೆ ಕೂರುತ್ತದೆ, ಆದರೆ ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ಮೇಲೆ ಒತ್ತಡ ಏರುತ್ತದೆ. ನಮ್ಮದು ಅಂಥದ್ದೇ ಎಂದು ಅಂಗಡಿಯವರು ಅಳತೆ ಹಾಕಿ ತೋರಿಸಿದಾಗ ನನಗೆ ಮೈ ಜುಂ ಎಂದಿತು. ಅದಕ್ಕೆ ಸರಿಹೊಂದುವ ತೋಟೆ ಇಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಂದರೆ ಹೊಡೆಯಲು ಬೇಕೆನ್ನುವವರಿಗೆ ಅದು ಕೆಲಸಕ್ಕೆ ಬಾರದು, ನೋಡಲು ಬೇಕೆನ್ನುವವರ ಲೈಸೆನ್ಸಿನಲ್ಲಿ ಜಾಗ ಇಲ್ಲ.

ಮಾರಾಟ

ಆಯುಧ ಕಾಯಿದೆಯ 21ನೇ ಕಲಮಿನ ಪ್ರಕಾರ, ಲೈಸೆನ್ಸ್ ಇದ್ದವರು ತೀರಿಕೊಂಡರೆ ವಾರಸುದಾರರು ಕೋವಿಯನ್ನು ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರುವ ಅಂಗಡಿಗೆ ಒಪ್ಪಿಸಬೇಕು. ಬೊಜ್ಜ ಮುಗಿದ ವಾರದಲ್ಲೇ ಎರಡನ್ನೂ ಮಂಗಳೂರಿನ ಅಂಗಡಿಗೆ ಕೊಟ್ಟು ರಸೀದಿ ತಂದೆವು. ಇದೊಂದನ್ನು ನಾವು ಸರಿಯಾಗಿ ಮಾಡಿದೆವು. ಅಪ್ಪನ ನೆನಪು ಎಂದು ಕಪಾಟಿನಲ್ಲೇ ಬಿಟ್ಟ ಮನೆಗಳನ್ನು ನಾನು ಬಲ್ಲೆ. ಅವರಿಗೆ ಗೊತ್ತಿಲ್ಲದೆಯೇ ಅದು ಅಕ್ರಮ ಆಯುಧ ಆಗಿಬಿಟ್ಟಿರುತ್ತದೆ.

ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಳ್ಳುವ ದಾರಿ ಇತ್ತು. ಇದಕ್ಕೆ ಸಾಯುವವರೆಗೆ ಕಾಯಬೇಕಿಲ್ಲ, ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ ಮೇಲೆ, ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದ ಮೇಲೆ, ಬದುಕಿರುವಾಗಲೇ ಮಕ್ಕಳಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶ ಇದೆ. ಮಾವನಿಗೆ ಇದು ಗೊತ್ತಿತ್ತು. ಮಗನನ್ನು ಎರಡು ಸಲ ಕೇಳಿದ್ದರಂತೆ. ಮಗ ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನು ಕೇಳಿದಾಗ ನೇರವಾಗಿ ಹೇಳಿದ: "ಬಾವಾ, ಹನ್ನೊಂದನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಕೋವಿ ಇಟ್ಟುಕೊಂಡು ಏನು ಮಾಡಲಿ? ಅಪ್ಪನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ."

ಮಗಳ ಮನೆಯಲ್ಲಿ ಆಶ್ಚರ್ಯವೊಂದು ಕಾದಿತ್ತು. ಮಾವನ ಮೊಮ್ಮಗಳಿಗೆ 15 ವರ್ಷ, 10 ಮೀಟರ್ ಏರ್ ರೈಫಲ್ ಕಲಿಯುತ್ತಾಳೆ. ಉಸಿರು ಹಿಡಿಯುವುದು, ಎರಡು ಎದೆಬಡಿತಗಳ ನಡುವೆ ಟ್ರಿಗರ್ ಒತ್ತುವುದು, ಇದನ್ನೆಲ್ಲ ಅವಳು ವಿವರಿಸುವಾಗ ಕಂಡಿಯಲ್ಲಿ ಕೂತು ಕಾಯುವ ಬಗ್ಗೆ ಹೇಳುತ್ತಿದ್ದ ಮಾವನ ಮುಖವೇ ನೆನಪಾಯಿತು. ಅಜ್ಜನ ಕೋವಿ ಬೇಕಾ ಎಂದು ಕೇಳಿದೆ. "ಅದರಲ್ಲಿ ನನ್ನ ಸ್ಪರ್ಧೆಯೇ ಇಲ್ಲವಲ್ಲ ಮಾಮ" ಎಂದಳು. ಬೇಟೆಯ ಮಾತು ಬಂದಾಗ ಮುಖ ಕಿವುಚಿದಳು. ಗುರಿಯ ಆಸೆ ಆ ಮನೆಯಿಂದ ಹೋಗಿಲ್ಲ, ಅದಕ್ಕೆ ಪ್ರಾಣಿ ಬೇಡವಾಗಿದೆ ಅಷ್ಟೆ. ಈ ಬದಲಾವಣೆ ನನಗೆ ಸಂತೋಷ ಕೊಟ್ಟಿತು ಎಂದು ಮನಸ್ಸು ಬಿಚ್ಚಿ ಹೇಳುತ್ತೇನೆ.

ಹಾಗಾಗಿ ಮಾರುವುದೆಂದೇ ತೀರ್ಮಾನವಾಯಿತು. ತಪ್ಪಾದದ್ದು ಇಲ್ಲಿ, ಮತ್ತು ತಪ್ಪು ನನ್ನದು. 35,000ಕ್ಕೆ ಕೊಡೋಣವೇ ಎಂದು ಅತ್ತೆ ಕೇಳಿದಾಗ, "2023ರ ಚುನಾವಣೆ ಮುಗಿಯಲಿ, ಬೆಲೆ ಏರುತ್ತದೆ" ಎಂದೆ. 1,20,000 ಎಂಬ ಅಂಕಿ ನನ್ನ ತಲೆಯಲ್ಲಿ ಕೂತಿತ್ತು. ಏರಲಿಲ್ಲ. ಅಂಗಡಿಯಲ್ಲಿ ಕಾಪಾಡಿ ಇಡುವುದಕ್ಕೆ ಒಂದು ಕೋವಿಗೆ ತಿಂಗಳಿಗೆ 150 ರೂಪಾಯಿ ಬಾಡಿಗೆ, ಅದರ ಮೊತ್ತ ಮಾತ್ರ ಏರುತ್ತಾ ಹೋಯಿತು.

ಮೊದಲು ಮಾರಾಟವಾದದ್ದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂಟಿನಳಿಗೆ. 2023ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಅಡಿಕೆ ಕೃಷಿಕರೊಬ್ಬರು 6,500ಕ್ಕೆ ಕೊಂಡರು. 70 ಮಿಲಿಮೀಟರಿನ ತೋಟೆ ಕೂರುತ್ತದೆ, ಕೆಟ್ಟರೆ ರಿಪೇರಿ ಆಗುತ್ತದೆ, ಹಂದಿಯನ್ನು ಹೆದರಿಸಲು ಸಾಕು. ಅವರಿಗೆ ಮುದ್ರೆಯೂ ಬೇಡ, ಕೆತ್ತನೆಯೂ ಬೇಡ.

ಜೋಡುನಳಿಗೆಗೆ 2024ರಲ್ಲಿ 24,000 ಹೇಳಿದ ಒಬ್ಬರು ಬಂದರು. ಇಬ್ಬರು ಖಾಸಗಿಯವರ ನಡುವೆ ಕೋವಿ ಕೈ ಬದಲಾಗಬೇಕಾದರೆ, ಕೊಳ್ಳುವವರ ಹೆಸರು ವಿಳಾಸ ಬರೆದು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಮುಂಚಿತವಾಗಿ ತಿಳಿಸಿ 45 ದಿನ ಕಾಯಬೇಕು. ಬರೆದುಕೊಟ್ಟು ಕಾದೆವು. ದಿನ ತುಂಬಿದಾಗ ನೋಡಿದರೆ, ಅವರ ಲೈಸೆನ್ಸಿನಲ್ಲಿದ್ದ ಖರೀದಿಯ ಅವಧಿ ಮುಗಿದಿತ್ತು. ಮೊದಲ ದಿನವೇ ಪುಸ್ತಕ ಕೈಗೆ ತೆಗೆದುಕೊಂಡು ತಾರೀಕು ನೋಡಬೇಕಿತ್ತು. ನೀವು ನೋಡಿ.

ಕೊನೆಗೆ ಕೊಂಡವರು ಕುಂದಾಪುರ ಕಡೆಯ ನಿವೃತ್ತ ಮೇಷ್ಟರು. ತಂದೆಯ ಕಾಲದಿಂದ ಲೈಸೆನ್ಸ್ ಇದೆ, ಒಂದು ಕೋವಿಯ ಜಾಗ ಖಾಲಿ ಇತ್ತು. ಹೊಡೆಯುವ ಉದ್ದೇಶವೇ ಇಲ್ಲ ಎಂದು ಅವರೇ ಹೇಳಿದರು. ತೋಟೆಮನೆಯ ಅಳತೆಯ ವಿಷಯವನ್ನು ನಾನು ಎರಡು ಸಲ ಹೇಳಿ, ಕಾಗದದಲ್ಲೂ ಬರೆದುಕೊಟ್ಟೆ. 45 ದಿನ ಮತ್ತೆ ಕಾದು, ನವೆಂಬರ್ ಮೊದಲ ವಾರ 18,000ಕ್ಕೆ ಒಪ್ಪಿಸಿದೆವು. ಅಂಗಡಿಯ ಮೇಜಿನ ಮೇಲೆ ಅವರು ಕೋವಿಯನ್ನು ಬಗ್ಗಿಸಿ, ನಳಿಗೆಯ ಒಳಗೆ ನೋಡಿ, ತುಂಬ ಹೊತ್ತು ಏನೂ ಮಾತಾಡಲಿಲ್ಲ. ಎಡಗಡೆಯ ನಳಿಗೆಯ ಬಾಯಿ ಬಿಗಿ, ದೂರದ ಈಡಿಗೆ, ಬಲಗಡೆಯದು ಹತ್ತಿರಕ್ಕೆ ಎಂದು ಮಾವ ಹೇಳಿಕೊಟ್ಟದ್ದನ್ನು ನಾನು ಅವರಿಗೆ ಹೇಳಿದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಲೆಕ್ಕ ಹೀಗೆ: ಎರಡೂ ಸೇರಿ ಬಂದದ್ದು 24,500. ಬಾಡಿಗೆ ಒಂಟಿನಳಿಗೆಗೆ 16 ತಿಂಗಳು, ಜೋಡುನಳಿಗೆಗೆ 27 ತಿಂಗಳು, ಒಟ್ಟು 6,450. ಒಂಟಿನಳಿಗೆಯ ಬೆಲೆ ಹೆಚ್ಚುಕಮ್ಮಿ ಪೂರಾ ಬಾಡಿಗೆಗೇ ಹೋಯಿತು. ಕೈಗೆ ಉಳಿದದ್ದು 18,050. 2022ರಲ್ಲೇ ಕೊಟ್ಟಿದ್ದರೆ ಜೋಡುನಳಿಗೆಯೊಂದಕ್ಕೇ ಇದರ ಹೆಚ್ಚುಕಮ್ಮಿ ಎರಡರಷ್ಟು ಸಿಗುತ್ತಿತ್ತು. ಅತ್ತೆಗೆ ಇದನ್ನು ಹೇಳುವಾಗ ನನಗೆ ನಾಚಿಕೆಯಾಯಿತು. "ಪೋವಡ್ ಮಗಾ" (ಹೋಗಲಿ ಮಗಾ) ಎಂದು ತುಳುವಿನಲ್ಲಿ ಒಂದೇ ಮಾತು ಹೇಳಿದರು.

ಮಾವನ ಲೈಸೆನ್ಸ್ ಪುಸ್ತಕವನ್ನು ರಜತಾದ್ರಿಯಲ್ಲಿ ಒಪ್ಪಿಸಿ ಸ್ವೀಕೃತಿ ತಂದುಕೊಟ್ಟ ದಿನ, ಬೇಲಿಯ ಬ್ಯಾಟರಿ ಕೆಟ್ಟು ಮೂರು ರಾತ್ರಿಯಾಗಿತ್ತು. ಹಂದಿಗಳು ಅಡಿಕೆ ಸಸಿಗಳ ಬುಡ ಎಬ್ಬಿಸಿದ್ದವು. ಅತ್ತೆ ಲಕೋಟೆಯಿಂದ ಕೋವಿಯ ದುಡ್ಡನ್ನೇ ಎಣಿಸಿ ಕೊಟ್ಟು, ಕಾರ್ಕಳದಿಂದ ಹೊಸ ಬ್ಯಾಟರಿ ತರಿಸಿದರು. ಸಂಜೆ ಆರು ಗಂಟೆಗೆ ಬೇಲಿ ಮತ್ತೆ ಟಕ್ ಟಕ್ ಎನ್ನತೊಡಗಿತು.